ಸ್ಯಾಫಿಕ್ ಹಾರರ್ ಮತ್ತು ಡಾರ್ಕ್ ರೋಮ್ಯಾನ್ಸ್: ಮಳೆಗಾಲದ ನಾಲ್ಕು ತಿಂಗಳಿಗೆ ಯಾವ ಪುಸ್ತಕ, ಯಾವ ಕ್ರಮದಲ್ಲಿ?

ಗಿರಿಯ_ಓದು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಗುಂಪು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಣ್ಣು ಹೆಣ್ಣಿನ ನಡುವಿನ ಪ್ರೇಮವಿರುವ (ಸ್ಯಾಫಿಕ್ ಎನ್ನುತ್ತಾರಲ್ಲ, ಅಂಥ) ಹಾರರ್ ಕಾದಂಬರಿಗಳನ್ನು ಓದೋಣ ಅಂತ ತೀರ್ಮಾನಿಸಿದೆ. ತಿಂಗಳಿಗೆ ಒಂದರಂತೆ ನಾಲ್ಕು ಪುಸ್ತಕ ಬೇಕು. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷ್ ಓದುತ್ತಾರೆ, ಆದರೆ ಹಳೆಯ ಶೈಲಿಯ ಉದ್ದುದ್ದ ವಾಕ್ಯ ಬಂದರೆ ಸುಸ್ತಾಗುತ್ತದೆ. ಹಾಗಿದ್ದರೆ ಎಲ್ಲಿಂದ ಶುರು ಮಾಡುವುದು?

ಇನ್ನೊಂದು ತೊಡಕು. ನೆಟ್‌ನಲ್ಲಿ ಹುಡುಕಿದರೆ ಹಾರರ್ ಜೊತೆಗೆ ಡಾರ್ಕ್ ರೋಮ್ಯಾನ್ಸ್ ಕೂಡ ಒಂದೇ ರಾಶಿಯಲ್ಲಿ ಬರುತ್ತದೆ. ಬಲವಂತದ ದೃಶ್ಯ ಬೇಡವೇ ಬೇಡ ಎನ್ನುವವರು ಗುಂಪಿನಲ್ಲಿದ್ದಾರೆ. ದುಡ್ಡು ಕೊಡುವ ಮೊದಲೇ ಅದನ್ನು ತಿಳಿಯುವುದು ಹೇಗೆ? ಮತ್ತೆ, ಈ ಬಗೆಯ ಕಥೆಗಳಲ್ಲಿ ಕೊನೆಗೆ ಇಬ್ಬರಲ್ಲೊಬ್ಬಳು ಸಾಯುವುದೇ ಹೆಚ್ಚು. ಅದಕ್ಕೇನು ಕಾರಣ, ಸಾಯದೆ ಉಳಿಯುವ ಕಥೆ ಯಾವುದು?

ಕೊನೆಯದಾಗಿ, ಕೆಲವರು ಮನೆಮಂದಿಯ ಜೊತೆ ಒಂದೇ ಖಾತೆ, ಒಂದೇ ಟ್ಯಾಬ್ ಬಳಸುವವರು. ಕಳಸ, ಮೂಡಿಗೆರೆ ಕಡೆಯವರಿಗೆ ಜುಲೈನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಬರೀ ಹೆಸರುಗಳ ಪಟ್ಟಿ ಬೇಡ, ಯಾಕೆ ಅನ್ನುವುದನ್ನೂ ಬರೆಯಿರಿ.

ಹೇಮಾವತಿ_ದಂಡೆ (ಹಾಸನ)

ಶುರು 'ಕಾರ್ಮಿಲ್ಲಾ'ದಿಂದಲೇ ಆಗಲಿ. ಭಾಷೆ ಹಳೆಯದು ಅಂತ ಹೆದರಬೇಡಿ, ಗಾತ್ರ ಚಿಕ್ಕದು. ಒಂದು ಮುನ್ನುಡಿ, 16 ಅಧ್ಯಾಯ, ಒಟ್ಟು ಸುಮಾರು 28 ಸಾವಿರ ಪದ. ನಿಮಿಷಕ್ಕೆ 120 ಪದದಂತೆ ನಿಧಾನವಾಗಿ ಓದಿದರೂ ನಾಲ್ಕು ಗಂಟೆ ಸಾಕು. ಐರಿಷ್ ಲೇಖಕ ಶೆರಿಡನ್ ಲೆ ಫಾನು ಬರೆದ ಈ ಕಥೆ 1871–72ರಲ್ಲಿ ಧಾರಾವಾಹಿಯಾಗಿ ಬಂತು. 1872ರಲ್ಲಿ 'ಇನ್ ಎ ಗ್ಲಾಸ್ ಡಾರ್ಕ್ಲಿ' ಎಂಬ ಐದು ಕಥೆಗಳ ಸಂಕಲನದಲ್ಲಿ ಕೊನೆಯದಾಗಿ ಸೇರಿತು. 'ಡ್ರಾಕುಲಾ' ಬಂದದ್ದು 1897ರಲ್ಲಿ, ಅಂದರೆ 25 ವರ್ಷ ಆಮೇಲೆ. ಮುಂದೆ ನೀವು ಓದುವ ಹೆಣ್ಣು ರಕ್ತಪಿಶಾಚಿಯ ಕಥೆಗಳಲ್ಲಿ ಬಹಳಷ್ಟು ಇದಕ್ಕೆ ಉತ್ತರ ಕೊಡುವಂತೆ ಬರೆದವು. ಇದನ್ನು ಬಿಟ್ಟು ಮುಂದೆ ಹೋದರೆ ಅವುಗಳ ಅರ್ಧ ಮಾತು ಕೇಳಿಸುವುದಿಲ್ಲ.

ಕಥೆ ನಡೆಯುವುದು ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತ್ಯದ ಕಾಡಿನ ನಡುವಿನ ಒಂದು ಕೋಟೆಮನೆಯಲ್ಲಿ. ಜನ ಇರುವ ಹತ್ತಿರದ ಊರೇ ಏಳು ಮೈಲಿ ದೂರ. ಹತ್ತೊಂಬತ್ತರ ಹುಡುಗಿ ಲಾರಾ, ಅವಳ ಅಪ್ಪ, ನೋಡಿಕೊಳ್ಳುವ ಇಬ್ಬರು ಹೆಂಗಸರು, ಇಷ್ಟೇ ಜನ. ಮಲೆನಾಡಿನ ಒಂಟಿ ಎಸ್ಟೇಟ್ ಬಂಗಲೆ ಕಂಡವರಿಗೆ ಆ ಏಕಾಂತವನ್ನು ವಿವರಿಸಬೇಕಾಗಿಲ್ಲ. ಜೊತೆಗಾತಿಗಾಗಿ ಹಂಬಲಿಸುವ ಹುಡುಗಿಯ ಮನೆಗೆ ಗಾಡಿ ಉರುಳಿ ಒಬ್ಬ ಚೆಲುವೆ ಬಂದು ಸೇರುತ್ತಾಳೆ. ಲಾರಾಗೆ ಅವಳ ಮೇಲೆ ಸೆಳೆತ, ಜೊತೆಯಲ್ಲೇ ಒಂದು ಅಸಹ್ಯ. ಎರಡೂ ಒಂದೇ ಕ್ಷಣದಲ್ಲಿ, ಒಬ್ಬಳ ಬಗ್ಗೆಯೇ. ಈ ಪ್ರಕಾರದ ಜೀವ ಇರುವುದೇ ಇಲ್ಲಿ. ಇಂಥ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ ಅಂತ ಗುಂಪಿಗೆ ಹೇಳಿ. ಚರ್ಚೆಗೆ ಬೇರೆ ಪ್ರಶ್ನೆಪಟ್ಟಿ ಬೇಕಾಗುವುದಿಲ್ಲ.

ಹೊಸಬರು ಎಡವುವ ಜಾಗಗಳು ಕೆಲವಿವೆ. ಮುನ್ನುಡಿಯಲ್ಲಿ ಬರುವ ಡಾಕ್ಟರ್ ಹೆಸ್ಸೀಲಿಯಸ್ ಯಾರು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಐದೂ ಕಥೆಗಳನ್ನು ಹೊಲಿಯುವ ದಾರ ಅಷ್ಟೆ, ಓದಿ ಮುಂದೆ ಹೋಗಿ. ಎರಡನೆಯದು, 11ನೇ ಅಧ್ಯಾಯದಿಂದ ಜನರಲ್ ಸ್ಪೀಲ್ಸ್‌ಡಾರ್ಫ್ ಹೇಳುವ ಕಥೆ. ಆಗಲೇ ಓದಿದ್ದೇ ಮತ್ತೆ ಬಂತಲ್ಲ ಅಂತ ಹಾರಿಸಿಬಿಡುತ್ತಾರೆ. ಹಾರಿಸಬಾರದು. ಒಂದೇ ಬಲೆಯನ್ನು ಇನ್ನೊಂದು ಮನೆಯಲ್ಲಿ ಹೇಗೆ ಹಾಸಲಾಗಿತ್ತು ಅನ್ನುವುದು ಗೊತ್ತಾಗುವುದು ಅಲ್ಲಿ. ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡುವ ಗುಟ್ಟು ಬಿಗಿಯಾಗುವುದೂ ಅಲ್ಲೇ. 5ನೇ ಅಧ್ಯಾಯದಲ್ಲಿ ತೊಳೆದು ಬರುವ ಹಳೆಯ ಚಿತ್ರದ ಮೂಲೆಯಲ್ಲಿರುವ ಹೆಸರು ಮತ್ತು 1698 ಎಂಬ ಇಸವಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಮೇಲೆ ಪುಟ ತಿರುವಿ ಹುಡುಕುವ ಕೆಲಸ ತಪ್ಪುತ್ತದೆ.

1ರಿಂದ 5, 6ರಿಂದ 10, 11ರಿಂದ 16, ಹೀಗೆ ಮೂರು ಕಂತಾಗಿ ಓದಿ. ಅಚ್ಚಿನ ಪುಸ್ತಕ ಕೊಳ್ಳುವವರು 16 ಅಧ್ಯಾಯವೂ ಇದೆಯಾ ಅಂತ ಒಳಪುಟ ನೋಡಿ ಕೊಳ್ಳಿ, ಸಂಕ್ಷಿಪ್ತ ಆವೃತ್ತಿಗಳೂ ಮಾರಾಟಕ್ಕಿವೆ.

ಉಳಿದ ತಿಂಗಳಿಗೆ ನನ್ನ ಆಯ್ಕೆ: ಜುಲೈಗೆ ಸಾರಾ ವಾಟರ್ಸ್ ಅವರ 'ಅಫಿನಿಟಿ' (1999), ಆಗಸ್ಟ್‌ಗೆ ಜೂಲಿಯಾ ಆರ್ಮ್‌ಫೀಲ್ಡ್ ಅವರ 'ಅವರ್ ವೈವ್ಸ್ ಅಂಡರ್ ದ ಸೀ' (2022), ಸೆಪ್ಟೆಂಬರ್‌ಗೆ ಜೂಯೆಲ್ ಗೊಮೆಜ್ ಅವರ 'ದ ಗಿಲ್ಡಾ ಸ್ಟೋರೀಸ್' (1991). 'ಅಫಿನಿಟಿ'ಯಲ್ಲಿ ಲಂಡನ್ನಿನ ಮಿಲ್‌ಬ್ಯಾಂಕ್ ಜೈಲು, 1870ರ ದಶಕ, ಪ್ರೇತಗಳ ಜೊತೆ ಮಾತಾಡುತ್ತೇನೆ ಎನ್ನುವ ಕೈದಿ ಸೆಲೀನಾ, ಅವಳನ್ನು ನೋಡಲು ಬರುವ ಶ್ರೀಮಂತರ ಮನೆಯ ಮಾರ್ಗರೆಟ್. ಇಬ್ಬರ ದಿನಚರಿಗಳು ಸೇರಿ ಕಥೆಯಾಗುತ್ತವೆ. ದಿನಚರಿಗಳ ತಾರೀಖು ಬೇರೆ ಬೇರೆ, ಪ್ರತಿ ಭಾಗದ ತಲೆಯಲ್ಲಿರುವ ಇಸವಿ ನೋಡದೆ ಓದಿದರೆ ದಾರಿ ತಪ್ಪುತ್ತದೆ. ಆತ್ಮಹತ್ಯೆಯ ವಿಷಯ ಇದೆ, ಮೊದಲೇ ಹೇಳಿಬಿಡಿ.

ಕಪ್ಪುಶಾಯಿ (ಬೇಲೂರು)

ಡಾರ್ಕ್ ರೋಮ್ಯಾನ್ಸ್ ಬಗ್ಗೆ ನಾನು ಬರೆಯುತ್ತೇನೆ. ಹೊದಿಕೆ ನೋಡಿದರೆ ಎರಡೂ ಒಂದೇ: ಕಪ್ಪು, ಕೆಂಪು, ಮುಳ್ಳು, ಗುಲಾಬಿ. ಒಳಗಡೆ ಓದುಗರಿಗೆ ಕೊಡುವ ಮಾತು ಬೇರೆ. ಡಾರ್ಕ್ ರೋಮ್ಯಾನ್ಸ್‌ನಲ್ಲಿ ಸಂಬಂಧವೇ ಕಥೆ. ಪ್ರೀತಿಸುವವಳೇ ಅಪಾಯ: ಕೂಡಿಹಾಕುತ್ತಾಳೆ, ಹಿಂಬಾಲಿಸುತ್ತಾಳೆ, ಸೇಡಿಗಾಗಿ ಹತ್ತಿರ ಬರುತ್ತಾಳೆ. ಆದರೂ ಕೊನೆಗೆ ಇಬ್ಬರೂ ಒಟ್ಟಿಗಿರುತ್ತಾರೆ ಎಂಬ ಭರವಸೆ ಸಾಮಾನ್ಯವಾಗಿ ಇರುತ್ತದೆ. ಹಾರರ್ ಅಂಥ ಭರವಸೆ ಕೊಡುವುದಿಲ್ಲ. ಅದಕ್ಕೇ ಒಂದರ ನಿರೀಕ್ಷೆಯಿಂದ ಇನ್ನೊಂದನ್ನು ಓದಿದವರು ಮೋಸ ಹೋದೆವು ಎನ್ನುತ್ತಾರೆ. ಗುಂಪಿನಲ್ಲಿ ಜಗಳ ಹುಟ್ಟುವುದೂ ಇದರಿಂದಲೇ.

ಬಲವಂತದ ದೃಶ್ಯ ಇದೆಯೇ ಅಂತ ತಿಳಿಯಲು ಪುಸ್ತಕದ ಮೊದಲ ಪುಟಗಳು ಅಥವಾ ಲೇಖಕರ ವೆಬ್‌ಸೈಟ್ ನೋಡಿ, ಡಾರ್ಕ್ ರೋಮ್ಯಾನ್ಸ್ ಬರೆಯುವವರು ಅನೇಕರು ಎಚ್ಚರಿಕೆಯನ್ನು ಅಲ್ಲೇ ಕೊಟ್ಟಿರುತ್ತಾರೆ. ಅಲ್ಲಿ ಸಿಗದಿದ್ದರೆ ಸ್ಟೋರಿಗ್ರಾಫ್ ಎಂಬ ಓದುಗರ ಜಾಲತಾಣ. ಅಲ್ಲಿ ಓದುಗರೇ ಪ್ರತಿ ಪುಸ್ತಕಕ್ಕೂ ಎಚ್ಚರಿಕೆಗಳನ್ನು ಗುರುತಿಸಿ ತೀವ್ರ, ಮಧ್ಯಮ, ಅಲ್ಪ ಅಂತ ಮೂರು ಮಟ್ಟಕ್ಕೆ ಹಾಕುತ್ತಾರೆ. ಒಬ್ಬಿಬ್ಬರು ಗುರುತಿಸಿದ್ದನ್ನು ನಂಬಬೇಡಿ. ಹಲವರು ಒಂದೇ ವಿಷಯವನ್ನು ತೀವ್ರ ಅಂದಿದ್ದರೆ ನಂಬಿ. ಆಮೇಲೆ ಕಿಂಡಲ್‌ನ ಉಚಿತ ಸ್ಯಾಂಪಲ್ ಇಳಿಸಿಕೊಂಡು ಓದಿ.

ಸ್ಯಾಂಪಲ್ ಓದುವಾಗ ರಕ್ತ ಎಷ್ಟಿದೆ ಅಂತ ನೋಡಬೇಡಿ. ಮನೆ ಯಾರದು, ದುಡ್ಡು ಯಾರ ಕೈಯಲ್ಲಿದೆ, ಬೇಡ ಅನ್ನಿಸಿದರೆ ಎದ್ದು ಹೋಗಲು ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ, ಅದನ್ನು ನೋಡಿ. ಇಬ್ಬರೂ ಹೆಣ್ಣು ಅಂದಮಾತ್ರಕ್ಕೆ ಬಲ ಸಮನಾಗಿ ಹಂಚಿರುವುದಿಲ್ಲ. ಒಳ್ಳೆಯ ಪುಸ್ತಕಕ್ಕೆ ಈ ಏರುಪೇರು ಗೊತ್ತಿರುತ್ತದೆ, ಹೇಳುವ ದನಿಯಲ್ಲೇ ಅದು ಕಾಣುತ್ತದೆ. ಕೆಟ್ಟ ಪುಸ್ತಕ ಅದನ್ನು ಬರೀ ರೋಮಾಂಚನ ಅಂತ ತಿಳಿದಿರುತ್ತದೆ. ಎಚ್ಚರಿಕೆಯ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗುರುತು ಇರಬಹುದು. ಹಾಗಾಗಿ ಪಟ್ಟಿಯೊಂದನ್ನೇ ನಂಬಿ ಆರಿಸಲು ಆಗುವುದಿಲ್ಲ.

ಹೇಮಾವತಿ ಅವರ ಪಟ್ಟಿಗೆ ಒಂದು ಸೇರಿಕೆ: ಬಲವಂತ ಬೇಡ ಎನ್ನುವವರಿಗೆ 'ಕಾರ್ಮಿಲ್ಲಾ' ಬಗ್ಗೆಯೂ ಮೊದಲೇ ಹೇಳಿ. ಲಾರಾ ನಿದ್ದೆಯಲ್ಲಿರುವಾಗಲೇ ಕಚ್ಚುವುದು, ಅವಳ ಒಪ್ಪಿಗೆ ಯಾರೂ ಕೇಳುವುದಿಲ್ಲ. ವಿವರ ಮಂದ, ಆದರೆ ವಿಷಯ ಅದೇ.

'ಸ್ಯಾಫಿಕ್' ಅನ್ನುವ ಟ್ಯಾಗ್ ಕೂಡ ಅಳೆದು ಹಾಕಿದ್ದಲ್ಲ. ಎಸ್. ಟಿ. ಗಿಬ್ಸನ್ ಅವರ 'ಎ ಡೌರಿ ಆಫ್ ಬ್ಲಡ್' (2021) ಎಲ್ಲ ಪಟ್ಟಿಯಲ್ಲೂ ಬರುತ್ತದೆ. ಚೆನ್ನಾಗಿದೆ, ಚಿಕ್ಕದಾಗಿದೆ. ಆದರೆ ಅದು ಹೆಂಡತಿ ಕಾನ್‌ಸ್ಟಾಂಟಾ ತನ್ನನ್ನು ಪಿಶಾಚಿಯಾಗಿಸಿದ ಗಂಡನಿಗೆ 'ನೀನು' ಎನ್ನುತ್ತಾ ಬರೆಯುವ ಪತ್ರ. ಅವಳಿಗೂ ಅದೇ ಗಂಡನ ಇನ್ನೊಬ್ಬ ಸಂಗಾತಿ ಮ್ಯಾಗ್ಡಲೇನಾಗೂ ಪ್ರೀತಿ ಉಂಟು, ಆದರೆ ಪುಟಗಳ ತುಂಬಾ ಇರುವುದು ಗಂಡನ ನೆರಳು. ದಬ್ಬಾಳಿಕೆಯ ಮದುವೆಯಿಂದ ಹೊರಬರುವ ಕಥೆಯಾಗಿ ಓದಿದರೆ ನಿರಾಸೆಯಾಗುವುದಿಲ್ಲ. ಎರಿಕ್ ಲರೊಕ್ಕಾ ಅವರ 'ಥಿಂಗ್ಸ್ ಹ್ಯಾವ್ ಗಾಟನ್ ವರ್ಸ್ ಸಿನ್ಸ್ ವಿ ಲಾಸ್ಟ್ ಸ್ಪೋಕ್' (2021) ಕೂಡ ಕಣ್ಣಿಗೆ ಬೀಳುತ್ತದೆ, ಒಂದೇ ಕೂತಲ್ಲಿ ಮುಗಿಯುತ್ತದೆ. 2000ನೇ ಇಸವಿಯಲ್ಲಿ ಇಬ್ಬರು ಹೆಂಗಸರ ನಡುವಿನ ಇಮೇಲ್ ಮತ್ತು ಚಾಟ್‌ನಲ್ಲೇ ಇಡೀ ಕಥೆ. ಒಬ್ಬಳು ಇನ್ನೊಬ್ಬಳನ್ನು ಹಂತಹಂತವಾಗಿ ಕೈವಶ ಮಾಡಿಕೊಳ್ಳುವ ರೀತಿ ನಿಖರವಾಗಿದೆ. ದೇಹಹಿಂಸೆ ಮಾತ್ರ ವಿಪರೀತ. ಗುಂಪಿಗೆ ಬೇಡ, ಬೇಕಾದವರು ಒಬ್ಬರೇ ಓದಿಕೊಳ್ಳಲಿ.

ಬಲವಂತವನ್ನು ರಮ್ಯ ಮಾಡದೆ ಎದುರಿಗಿಟ್ಟು ನೋಡುವ ಪುಸ್ತಕ ಬೇಕಿದ್ದರೆ ಕಾರ್ಮೆನ್ ಮರಿಯಾ ಮಚಾಡೊ ಅವರ 'ಇನ್ ದ ಡ್ರೀಮ್ ಹೌಸ್' (2019). ಇದು ಕಾದಂಬರಿಯಲ್ಲ, ಲೇಖಕಿಯ ನೆನಪುಗಳು: ಹೆಣ್ಣು ಸಂಗಾತಿಯಿಂದ ಅನುಭವಿಸಿದ ಕಿರುಕುಳ. ಪ್ರತಿ ಪುಟ್ಟ ಅಧ್ಯಾಯವೂ ಒಂದೊಂದು ಕಥಾಪ್ರಕಾರದ ವೇಷ ಹಾಕುತ್ತದೆ, ಭೂತಬಂಗಲೆಯ ಕಥೆಯೂ ಅದರಲ್ಲೊಂದು. ಅಡಿಟಿಪ್ಪಣಿಗಳು ಸ್ಟಿತ್ ಥಾಂಪ್ಸನ್ನರ ಜಾನಪದ ಆಶಯಸೂಚಿಯನ್ನು (ಜನಪದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಅಂಶಗಳ ಪಟ್ಟಿ) ತೋರಿಸುತ್ತಾ ಹೋಗುತ್ತವೆ. ಜಾನಪದ ಓದಿಕೊಂಡವರು ಗುಂಪಿನಲ್ಲಿದ್ದರೆ ಅವರಿಗೆ ಹಬ್ಬ.

ಶಾಂತಲೆಯ_ಊರು (ಹಾಸನ ಜಿಲ್ಲೆ)

ಸಾವಿನ ಪ್ರಶ್ನೆಗೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಪ್ಯಾರಾದಲ್ಲಿ 'ಕಾರ್ಮಿಲ್ಲಾ'ದ ಕೊನೆ ಬಯಲಾಗುತ್ತದೆ. ಓದದವರು ಹಾರಿಸಿ.

ಕಾರ್ಮಿಲ್ಲಾಳನ್ನು ಗೋರಿಯಿಂದ ತೆಗೆದು ಕೊಲ್ಲುವಾಗ ಲಾರಾ ಅಲ್ಲಿಲ್ಲ. ಆ ಭಾಗವನ್ನು ಅವಳು ಹೇಳುವುದು ಅಪ್ಪನ ಬಳಿ ಇರುವ ಸರ್ಕಾರಿ ವರದಿಯ ಪ್ರತಿಯನ್ನು ನೋಡಿ. ಅಪ್ಪ, ಜನರಲ್, ಬ್ಯಾರನ್, ಅಧಿಕಾರಿಗಳು, ವೈದ್ಯರು ಸೇರಿ ತೀರ್ಮಾನಿಸುತ್ತಾರೆ. ಯಾರ ಎದೆಗೆ ಹಲ್ಲು ನಾಟಿತ್ತೋ, ಯಾರ ಮನಸ್ಸು ಸೆಳೆದುಹೋಗಿತ್ತೋ, ಅವಳ ಮಾತನ್ನು ಯಾರೂ ಕೇಳುವುದಿಲ್ಲ. ಹಳೆಯ ಗಾಥಿಕ್ (ಕೋಟೆಮನೆ, ಗುಟ್ಟು, ಭಯ ತುಂಬಿದ) ಕಥೆಗಳಲ್ಲಿ ಹೆಣ್ಣಿನ ಬಯಕೆಯೇ ರಾಕ್ಷಸಿ, ಅವಳನ್ನು ಕೊಂದರೆ ಮನೆ ಮತ್ತೆ ಅಪ್ಪನ ಮನೆಯಾಗುತ್ತದೆ. ಆದರೆ ಲೆ ಫಾನು ಕೊನೆಯ ಪ್ಯಾರಾವನ್ನು ಲಾರಾಗೇ ಬಿಟ್ಟಿದ್ದಾರೆ. ಅಲ್ಲಿ ಅವಳ ಮನಸ್ಸು ಗೆದ್ದವರ ಕಡೆ ಇಲ್ಲ. ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಚರ್ಚೆ ಶುರು ಮಾಡಿ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಕಾರಣ ಇನ್ನೂ ಒರಟು. 1952ರಲ್ಲಿ ಅಮೆರಿಕದಲ್ಲಿ ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ 'ಸ್ಪ್ರಿಂಗ್ ಫೈರ್' ಎಂಬ ಅಗ್ಗದ ಪೇಪರ್‌ಬ್ಯಾಕ್ ಬಂತು. ಸುಖಾಂತ ಬರೆದರೆ ಅಂಚೆ ಇಲಾಖೆ ಅಶ್ಲೀಲವೆಂದು ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು ಅಂತ ಪ್ರಕಾಶಕರು ದುಃಖಾಂತವನ್ನೇ ಕೇಳಿ ಬರೆಸಿದರು. ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ಕ್ಲೇರ್ ಮಾರ್ಗನ್ ಎಂಬ ಹೆಸರಿನಲ್ಲಿ 'ದ ಪ್ರೈಸ್ ಆಫ್ ಸಾಲ್ಟ್' ತಂದು ಇಬ್ಬರನ್ನೂ ಬದುಕಿಸಿ, ಒಂದಾಗುವ ದಾರಿಯನ್ನೂ ತೆರೆದಿಟ್ಟರು. ಅದು ಹಾರರ್ ಅಲ್ಲ, ಆದರೆ ಸಾವು ಕಥೆಗೆ ಬೇಕಾಗಿ ಬಂದದ್ದೋ ಹೊರಗಿನವರ ಭಯಕ್ಕೆ ಬಂದದ್ದೋ ಎಂದು ಕೇಳುವ ಅಭ್ಯಾಸ ಇಂಥ ಇತಿಹಾಸ ಗೊತ್ತಿದ್ದರೆ ಬರುತ್ತದೆ.

ಉಳಿಯುವ ಕಥೆ ಬೇಕಾದರೆ 'ಗಿಲ್ಡಾ' ಸರಿಯಾದ ಆಯ್ಕೆ, ಸೆಪ್ಟೆಂಬರ್‌ಗೆ ಇಟ್ಟದ್ದೂ ಸರಿ. 1850ರ ಲೂಯಿಸಿಯಾನಾದಲ್ಲಿ ಗುಲಾಮಗಿರಿಯಿಂದ ಓಡಿಬಂದ ಕಪ್ಪು ಹುಡುಗಿಯಿಂದ ಶುರುವಾಗಿ 2050ರವರೆಗೆ ಹೋಗುತ್ತದೆ. ಇಲ್ಲಿನ ರಕ್ತಪಿಶಾಚಿಗಳಿಗೆ ಒಂದು ನೀತಿ ಇದೆ: ಕೊಲ್ಲಬಾರದು, ರಕ್ತ ತೆಗೆದುಕೊಂಡವರ ಮನಸ್ಸಿನಲ್ಲಿ ಅವರಿಗೆ ಬೇಕಾದ್ದೇನೋ ಬಿಟ್ಟು ಹೋಗಬೇಕು. 'ಕಾರ್ಮಿಲ್ಲಾ'ದಲ್ಲಿ ಬರೀ ಕಸಿಯುವುದಿದ್ದರೆ ಇಲ್ಲಿ ಕೊಡುಕೊಳ್ಳುವುದು. ಒಂದೊಂದು ಅಧ್ಯಾಯಕ್ಕೂ ಒಂದೊಂದು ಕಾಲ, ಊರು. ಆದ್ದರಿಂದ ಇಡೀ ಪುಸ್ತಕ ಮುಗಿಸಲಾಗದವರೂ ಎರಡು ಅಧ್ಯಾಯ ಓದಿ ಬಂದು ಮಾತಾಡಬಹುದು. ಗುಲಾಮಗಿರಿಯ ಹಿಂಸೆ, ಅತ್ಯಾಚಾರದ ಯತ್ನ ಮೊದಲ ಅಧ್ಯಾಯದ ಆರಂಭದಲ್ಲೇ ಇದೆ, ಎಚ್ಚರಿಸಿ.

ಆಗಸ್ಟ್ ಪುಸ್ತಕ 'ಅವರ್ ವೈವ್ಸ್ ಅಂಡರ್ ದ ಸೀ' ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅದೇ. ಲೇಯಾ ಆಳಸಮುದ್ರದ ಸಂಶೋಧಕಿ. ಮೂರು ವಾರದ ಯಾನಕ್ಕೆ ಜಲಾಂತರ್ಗಾಮಿಯಲ್ಲಿ ಹೋದವಳು ಆರು ತಿಂಗಳ ಮೇಲೆ ಮರಳುತ್ತಾಳೆ. ಬಂದವಳ ದೇಹ ಬದಲಾಗುತ್ತಿದೆ, ಹೆಂಡತಿ ಮಿರಿ ಅದನ್ನು ದಿನದಿನವೂ ನೋಡುತ್ತಾಳೆ. ಒಂದು ಅಧ್ಯಾಯ ಮಿರಿಯದು, ಒಂದು ಲೇಯಾಳದು. ಐದು ಭಾಗಗಳಿಗೆ ಸಾಗರದ ಐದು ವಲಯಗಳ ಹೆಸರು: ಬಿಸಿಲಿನ ವಲಯ 200 ಮೀಟರ್‌ವರೆಗೆ, ಮುಸ್ಸಂಜೆಯದು 1,000ದವರೆಗೆ, ನಡುರಾತ್ರಿಯದು 4,000ದವರೆಗೆ, ಪಾತಾಳದ್ದು 6,000ದವರೆಗೆ, ಅದರ ಕೆಳಗೆ ಕಂದಕಗಳ ಹೇಡಲ್ ವಲಯ. ಈ ಅಳತೆಗಳನ್ನು ಬರೆದಿಟ್ಟುಕೊಂಡರೆ ಪ್ರತಿ ಭಾಗದಲ್ಲೂ ಎಷ್ಟು ಬೆಳಕು ಕಳೆಯಿತು ಅಂತ ಗೊತ್ತಾಗುತ್ತದೆ. ಬೆಚ್ಚಿಬೀಳಿಸುವ ಘಟನೆಗಾಗಿ ಕಾಯುವವರಿಗೆ ಇದು ನಿಧಾನ ಅನ್ನಿಸುತ್ತದೆ. ಸಮುದ್ರದ ಅಡಿಯಲ್ಲಿ ಏನಾಯಿತು ಅನ್ನುವುದಕ್ಕೂ ಪೂರ್ತಿ ಉತ್ತರ ಸಿಗುವುದಿಲ್ಲ. ಕಾಯಿಲೆಯವರನ್ನು ನೋಡಿಕೊಂಡವರಿಗೆ ಕೆಲವು ಪುಟ ಬಹಳ ನೋಯಿಸಬಹುದು.

ನಮ್ಮ ಆಲಂಕಾರಿಕರು (ಹಳೆಯ ಕಾವ್ಯಶಾಸ್ತ್ರಕಾರರು) ಶೃಂಗಾರಕ್ಕೆ ಭಯಾನಕ, ಬೀಭತ್ಸಗಳನ್ನು ವಿರೋಧಿ ರಸ ಎಂದರು. ಆದರೆ ಆನಂದವರ್ಧನ 'ಧ್ವನ್ಯಾಲೋಕ'ದ ಮೂರನೇ ಉದ್ದ್ಯೋತದಲ್ಲಿ (ಅಧ್ಯಾಯದಲ್ಲಿ) ವಿರೋಧ ಕಳೆಯುವ ದಾರಿಗಳನ್ನೂ ಹೇಳುತ್ತಾನೆ: ಒಂದನ್ನು ಇನ್ನೊಂದಕ್ಕೆ ಅಂಗವಾಗಿಸುವುದು, ಆಶ್ರಯವನ್ನು (ಭಾವ ನೆಲೆಸಿರುವ ಪಾತ್ರವನ್ನು) ಬೇರೆ ಮಾಡುವುದು, ನಡುವೆ ಬೇರೊಂದು ರಸ ತರುವುದು. ಆರ್ಮ್‌ಫೀಲ್ಡ್ ಪುಸ್ತಕಕ್ಕೆ ಇದನ್ನು ಹಚ್ಚಿ ನೋಡಿ. ಪ್ರೇಮದ ಆಶ್ರಯ ಮಿರಿ, ಭಯದ ಆಶ್ರಯ ಲೇಯಾ, ಅಧ್ಯಾಯಗಳೂ ಹಾಗೇ ಹಂಚಿವೆ, ಎರಡರ ನಡುವೆ ಕರುಣ. ಪ್ರೇಮದ ದೃಶ್ಯ ಮುಗಿದ ಕೂಡಲೇ ರಕ್ತದ ದೃಶ್ಯ ಅಂಟಿಸುವ ಪುಸ್ತಕಗಳು ಯಾಕೆ ಹಳಸಲು ಅನ್ನಿಸುತ್ತವೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದಿದವರು ಚರ್ಚೆಯನ್ನು ಕನ್ನಡದಲ್ಲೇ ಬಹಳ ದೂರ ಒಯ್ಯಬಹುದು.

ಇಂಗ್ಲಿಷ್ ಕಾದಂಬರಿ ಕಷ್ಟ ಎನ್ನುವವರಿಗೆ ಇಸ್ಮತ್ ಚುಗ್ತಾಯಿ ಅವರ ಉರ್ದು ಸಣ್ಣಕಥೆ 'ಲಿಹಾಫ್' (1942) ಇದೆ, ಇಂಗ್ಲಿಷ್ ಅನುವಾದ ಸುಲಭ, ಕೆಲವೇ ಪುಟ. ರಾತ್ರಿ ಗೋಡೆಯ ಮೇಲೆ ರಜಾಯಿಯ ನೆರಳು ಆನೆಯಂತೆ ತೂಗುವುದನ್ನು ಕಂಡು ಹೆದರುವ ಹುಡುಗಿಯ ಕಣ್ಣಿಂದ ಕಥೆ. ಇದಕ್ಕಾಗಿ ಲೇಖಕಿ ಲಾಹೋರಿನ ಕೋರ್ಟಿನಲ್ಲಿ ಅಶ್ಲೀಲತೆಯ ಮೊಕದ್ದಮೆ ಎದುರಿಸಿ ಗೆದ್ದರು. ಬೇಗಂ ಆ ಮಗುವನ್ನು ಮುಟ್ಟುವ ಭಾಗ ಕಳವಳಕಾರಿ, ಮುಂಚೆ ತಿಳಿಸಿ.

ಗಿರಿಯ_ಓದು (ಚಿಕ್ಕಮಗಳೂರು)

ಮೂವರಿಗೂ ಧನ್ಯವಾದ. ನಾಲ್ಕೂ ಪುಸ್ತಕ ಇದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತೇವೆ, 'ಲಿಹಾಫ್' ಜೂನ್ ಸಭೆಗೇ ಸೇರಿಸುತ್ತೇವೆ. ಖಾತೆ, ಕರೆಂಟಿನ ಪ್ರಶ್ನೆ ಇನ್ನೂ ಉಳಿದಿದೆ. ಇನ್ನೊಂದು: 'ಕಾರ್ಮಿಲ್ಲಾ'ವನ್ನು ನಾವೇ ಅಧ್ಯಾಯ ಹಂಚಿಕೊಂಡು ಕನ್ನಡ ಮಾಡಿಕೊಂಡರೆ ಕಾನೂನಿನ ತೊಂದರೆ ಇದೆಯಾ?

ಬಾಳೆಹೊನ್ನೂರು_ಹೊಳೆ

ತೊಂದರೆ ಇಲ್ಲ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಲೆ ಫಾನು ಹೋದದ್ದು 1873ರಲ್ಲಿ. ಅನುವಾದಿಸಿ, ಹಂಚಿ, ಅಚ್ಚು ಹಾಕಿ. ಅಧ್ಯಾಯಕ್ಕೆ ಸರಾಸರಿ 1,700–1,800 ಪದ ಬರುತ್ತದೆ, ಒಬ್ಬೊಬ್ಬರಿಗೆ ಎರಡು ಕೊಟ್ಟರೆ ಎಂಟು ಜನರಲ್ಲಿ ಮುಗಿಯುತ್ತದೆ. ಹೆಸರು, ಜಾಗ, ಸಂಬಂಧಗಳನ್ನು ಹೇಗೆ ಬರೆಯುವುದು ಅಂತ ಮೊದಲೇ ಒಂದು ಹಾಳೆಯಲ್ಲಿ ನಿಗದಿ ಮಾಡಿ, ಇಲ್ಲದಿದ್ದರೆ ಒಂದು ಅಧ್ಯಾಯದ ಕಾರ್ಮಿಲ್ಲಾ ಇನ್ನೊಂದರಲ್ಲಿ ಕರ್ಮಿಲ ಆಗುತ್ತಾಳೆ. ಈ ಕಥೆಯಲ್ಲಿ ಒಂದು ಅಕ್ಷರ ಆಚೀಚೆಯಾದರೂ ಗುಟ್ಟೇ ಕೆಡುತ್ತದೆ. ಉಳಿದ ಮೂರು ಪುಸ್ತಕಗಳಿಗೆ ಮಾತ್ರ ಇದನ್ನು ಮಾಡಬೇಡಿ, ಅವುಗಳ ಹಕ್ಕು ಇನ್ನೂ ಇದೆ. ಟೆಲಿಗ್ರಾಂನಲ್ಲಿ ತೇಲುವ ಪಿಡಿಎಫ್‌ಗಳನ್ನೂ ಬಿಡಿ.

'ಕಾರ್ಮಿಲ್ಲಾ'ದ ಇಪಬ್ (ಇ-ಪುಸ್ತಕ) ಫೈಲ್ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತ. ಚಿತ್ರಗಳಿಲ್ಲದ ಆವೃತ್ತಿ ತೀರಾ ಚಿಕ್ಕ ಫೈಲ್, ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಇಳಿಯುತ್ತದೆ. ಯಾವ ಇಪಬ್ ಆ್ಯಪ್‌ನಲ್ಲಾದರೂ ತೆರೆಯಬಹುದು, ಕಿಂಡಲ್ ಬೇಕಿದ್ದರೆ 'ಸೆಂಡ್ ಟು ಕಿಂಡಲ್' ಮೂಲಕ ಕಳಿಸಿ. ಕೇಳುವವರಿಗೆ ಲಿಬ್ರಿವಾಕ್ಸ್ ಜಾಲತಾಣದಲ್ಲಿ ಧ್ವನಿಮುದ್ರಣವೂ ಉಚಿತ. ಮೇ ತಿಂಗಳಲ್ಲೇ ಎಲ್ಲವನ್ನೂ ಇಳಿಸಿಟ್ಟು, ಒಮ್ಮೆ ಏರೋಪ್ಲೇನ್ ಮೋಡ್ ಹಾಕಿ ಪುಸ್ತಕ ತೆರೆಯುತ್ತದಾ ಅಂತ ಪರೀಕ್ಷಿಸಿ. ಲೈಬ್ರರಿಯಲ್ಲಿ ಹೊದಿಕೆ ಕಂಡರೆ ಇಳಿದಿದೆ ಅಂತ ಅರ್ಥವಲ್ಲ, ಮಳೆ ಹಿಡಿದ ಮೇಲೆ ಗೊತ್ತಾದರೆ ಏನೂ ಮಾಡಲಾಗದು. ಫೋನಿನಲ್ಲಿ ಓದುವವರು ಕಪ್ಪು ಹಿನ್ನೆಲೆ, ಕಡಿಮೆ ಬೆಳಕು ಇಟ್ಟರೆ ಚಾರ್ಜು ಹೆಚ್ಚು ಹೊತ್ತು ಬರುತ್ತದೆ. ಇ-ಇಂಕ್ ಕಿಂಡಲ್ ಇದ್ದವರಿಗೆ ಈ ಚಿಂತೆ ಇಲ್ಲ, ವೈಫೈ ಆರಿಸಿಟ್ಟರೆ ವಾರಗಟ್ಟಲೆ ಬರುತ್ತದೆ.

ಖಾತೆಯ ವಿಷಯ ಜಾಗ್ರತೆಯಿಂದ ನೋಡಿ. ಒಂದೇ ಅಮೆಜಾನ್ ಖಾತೆಯಲ್ಲಿ ಕೊಂಡ ಇ-ಪುಸ್ತಕ ಆ ಖಾತೆ ಹಾಕಿರುವ ಎಲ್ಲ ಸಾಧನಗಳ ಲೈಬ್ರರಿಯಲ್ಲೂ ಕಾಣುತ್ತದೆ, ಆರ್ಡರ್ ಪಟ್ಟಿಯಲ್ಲೂ ಉಳಿಯುತ್ತದೆ. ಫೋನಿನಿಂದ ಅಳಿಸಿದರೆ ಆ ಫೋನಿನಿಂದ ಮಾತ್ರ ಹೋಗುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಫ್ಯಾಮಿಲಿ ಲೈಬ್ರರಿ ಇದ್ದರೆ ಹೊಸ ಪುಸ್ತಕ ತಾನಾಗಿ ಅದಕ್ಕೆ ಸೇರುವಂತೆ ಇದೆಯಾ ಅಂತ ಸೆಟ್ಟಿಂಗ್‌ನಲ್ಲಿ ನೋಡಿ. ಕಿಂಡಲ್‌ನಲ್ಲಿ ಪರದೆ ಆರಿದಾಗ ಹೊದಿಕೆ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಆರಿಸಿ. ಮನೆಯಲ್ಲಿ ತಿಳಿದರೆ ನಿಜವಾಗಿಯೂ ಕಷ್ಟವಾಗುವವರು ತಮ್ಮದೇ ಬೇರೆ ಇಮೇಲ್, ಬೇರೆ ಖಾತೆ ಮಾಡಿ, ಗಿಫ್ಟ್ ಕಾರ್ಡಿನಿಂದ ಕೊಳ್ಳುವುದು ಒಳ್ಳೆಯದು. ಅದೂ ಆಗದಿದ್ದರೆ ಗುಂಪಿಗೆ ಒಂದೊಂದು ಅಚ್ಚಿನ ಪ್ರತಿ ತರಿಸಿ ಸರದಿಯಲ್ಲಿ ಓದಿ. ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ಯಾರು ಏನು ಓದುತ್ತಿದ್ದಾರೆ ಎಂಬ ಸ್ಕ್ರೀನ್‌ಶಾಟ್ ಹೊರಗೆ ಹೋಗಬಾರದು ಅಂತ ಮೊದಲ ದಿನವೇ ಮಾತಾಗಲಿ.

ಅಚ್ಚಿನ ಪ್ರತಿ ತರಿಸುವುದಾದರೆ ಅಂಗಡಿಯವರಿಗೆ ಹೆಸರಿನ ಜೊತೆ ಐಎಸ್‌ಬಿಎನ್ (ಆ ಆವೃತ್ತಿಯ ಗುರುತು ಸಂಖ್ಯೆ) ಕೊಡಿ. 'ಅಫಿನಿಟಿ' ಎಂಬ ಹೆಸರಿನಲ್ಲಿ ಬೇರೆ ಪುಸ್ತಕಗಳೂ ಇವೆ. 'ಗಿಲ್ಡಾ' ಸ್ಟಾಕ್ ಇಲ್ಲದೆ ಹೊರಗಿನಿಂದ ಬರಬೇಕಾದರೆ ತಡವಾಗಬಹುದು, ಸೆಪ್ಟೆಂಬರ್ ಪುಸ್ತಕವಾದರೂ ಜೂನ್‌ನಲ್ಲೇ ಆರ್ಡರ್ ಹಾಕಿ. ಜುಲೈ ತೇವಕ್ಕೆ ಪೇಪರ್‌ಬ್ಯಾಕ್ ಬೇಗ ಬೂಷ್ಟು ಹಿಡಿಯುತ್ತದೆ. ಸರದಿಯ ಪ್ರತಿಯನ್ನು ಜಿಪ್ ಚೀಲದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಕೊಡಿ. ಒದ್ದೆಯಾದ ಪುಸ್ತಕವನ್ನು ಮಾತ್ರ ಒಣಗಿಸದೆ ಚೀಲಕ್ಕೆ ಹಾಕಬೇಡಿ, ಬೂಷ್ಟು ಇನ್ನೂ ಬೇಗ ಬರುತ್ತದೆ.